ಕಿಲೋ ಇಲ್ಲದ ಬದನೆಕಾಯಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರುಗಳಲ್ಲಿ ಹೇಳುತ್ತಾರಂತೆ. ಮುತ್ತಿನ ವಿಷಯ ನನಗೆ ಗೊತ್ತಿಲ್ಲ, ನಾನು ಕಂಡವಳೂ ಅಲ್ಲ. ಮಾತು ಮಾತ್ರ ನಮ್ಮೂರಿನಲ್ಲಿ ಎಲ್ಲಿಗೂ ಹೋಗುವುದಿಲ್ಲ. ಯಾರು ಎಲ್ಲಿ ಬಾಯಿ ತೆರೆದರೂ ಆ ಮಾತು ಪಂಚಾಯ್ತಿ ಕಚೇರಿಯ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ಪ್ರತಿ ಬೀದಿಗೂ ದಿನಕ್ಕೊಂದು ಫೈಲು. ಆಡಿದವರ ಹೆಸರಿರುವುದಿಲ್ಲ, ಬರೀ ಮಾತು. ಜಗಳ, ಜೋಗುಳ, ಹಾಲಿನವನ ಕೂಗು, ಅತ್ತೆಯ ಗೊಣಗಾಟ, ಎಲ್ಲ ಒಂದರ ಕೆಳಗೊಂದು. ಆ ಕೋಣೆಯ ಕಿಟಕಿಯ ಹಿಂದೆ ಕೂರುವವಳು ನಾನು. ಹೆಸರು ಗಂಗಾಂಬಿಕೆ, ಊರಿಗೆಲ್ಲ ಅಂಬಕ್ಕ. ಯಾರಾದರೂ ಬಂದು ಕೇಳಿದರೆ, ಎಂದೋ ಆಡಿದ ಮಾತನ್ನು ಹುಡುಕಿ ಕೊಡುವುದು ನನ್ನ ಕೆಲಸ.

ಕಂಪ್ಯೂಟರ್ ಎಂದರೆ ಬಣ್ಣಬಣ್ಣದ ಚಿತ್ರ ಬರುವಂಥದ್ದಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಇಲ್ಲ. ಏನು ಬೇಕೋ ಅದನ್ನು ಒಂದು ಸಾಲು ಟೈಪು ಮಾಡಿ ಅಪ್ಪಣೆ ಕೊಡಬೇಕು. ಹುಡುಕುವ ಅಪ್ಪಣೆಗೆ ಗ್ರೆಪ್ ಎಂದು ಹೆಸರು. ನಮ್ಮ ಜನ ಬಿಡುತ್ತಾರೆಯೇ, ಅದನ್ನು ಗಿರಪ್ಪ ಮಾಡಿಬಿಟ್ಟಿದ್ದಾರೆ. ‘ಗಿರಪ್ಪನ್ನ ಕೇಳು, ಅವನು ಸುಳ್ಳು ಹೇಳಲ್ಲ’ ಅನ್ನುತ್ತಾರೆ. ಮೊದಮೊದಲು ಒಂದೇ ಪದ ಕೊಟ್ಟು ಹುಡುಕಬಹುದಿತ್ತು. ಎಲ್ಲರೂ ಬಂದು ತಮ್ಮ ತಮ್ಮ ಹೆಸರನ್ನೇ ಹುಡುಕಿಸಿದರು. ಅರ್ಧ ಊರು ಇನ್ನರ್ಧ ಊರಿನ ಜೊತೆ ಮಾತು ಬಿಟ್ಟಿತು. ಆಮೇಲೆ ಪಂಚಾಯ್ತಿಯವರು ನಿಯಮ ತಂದರು. ಎರಡು ಪದ ಕೊಡಬೇಕು, ಅವೆರಡೂ ಐದು ಸಾಲಿನ ಒಳಗೆ ಹತ್ತಿರ ಹತ್ತಿರ ಬಿದ್ದಿದ್ದರೆ ಮಾತ್ರ ತೋರಿಸಬೇಕು. ನಾನು ಮಾಡುವುದಿಷ್ಟು. ಮೊದಲ ಪದ ಇರುವ ಸಾಲನ್ನು, ಅದರ ಮೇಲಿನ ಐದು ಕೆಳಗಿನ ಐದು ಸಾಲಿನ ಸಮೇತ ಎತ್ತು ಎಂದು ಒಬ್ಬ ಗಿರಪ್ಪನಿಗೆ ಹೇಳುತ್ತೇನೆ. ಪಕ್ಕದಲ್ಲಿ ಒಂದು ನಿಂತ ಗೀಟು ಎಳೆದು, ಅವನು ಎತ್ತಿದ್ದರಲ್ಲಿ ಎರಡನೆಯ ಪದ ಹುಡುಕು ಎಂದು ಇನ್ನೊಬ್ಬ ಗಿರಪ್ಪನಿಗೆ ಹೇಳುತ್ತೇನೆ. ಒಂದು ಜರಡಿಯ ಕೆಳಗೆ ಇನ್ನೊಂದು ಜರಡಿ ಹಿಡಿದ ಹಾಗೆ.

ನಿಯಮ ಬಂದದ್ದೇ ಜನ ಮಾತಾಡುವ ರೀತಿ ಬದಲಾಯಿತು. ಗುಟ್ಟಿನ ಎರಡು ಪದಗಳನ್ನು ಹತ್ತಿರ ಬರದಂತೆ ದೂರ ದೂರ ಇಡುವುದು ಕಲಿತರು. ನಡುವೆ ತುಂಬಲು ಏನಾದರೂ ಮಾತು ಬೇಕಲ್ಲ, ಅದಕ್ಕೆ ಹೊದಿಕೆ ಎನ್ನುತ್ತೇವೆ. ಮನೆಗೊಂದು ಹೊದಿಕೆ. ನಮ್ಮನೆಯದು ಹಂಚು. ‘ನಿಮ್ಮ ಚಿಕ್ಕಪ್ಪ ಇದಾನಲ್ಲ’ ಎಂದು ನಮ್ಮಮ್ಮ ಶುರು ಮಾಡಿ, ಮಂಗಳೂರು ಹಂಚು, ನಾಡಹಂಚು, ಒಡೆದ ಹಂಚು, ಸೋರುವ ಹಂಚು ಎಲ್ಲ ಮುಗಿಸಿ ‘ಕುಡಿಯೋಕೆ ಶುರು ಮಾಡಿದಾನೆ’ ಎಂದು ಮುಗಿಸುತ್ತಿದ್ದಳು. ಅಷ್ಟರಲ್ಲಿ ಅನ್ನ ಸೀದಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಬಚ್ಚಿಡುತ್ತಿದ್ದದ್ದು ಕಾಯಿಲೆಯನ್ನು. ಯಾಕೆಂದರೆ ಹೆಣ್ಣು ಕೊಡುವವರು, ತರುವವರು ಎಲ್ಲರೂ ಮೊದಲು ಬರುವುದು ನನ್ನ ಕಿಟಕಿಗೆ. ಗಂಡಿನ ಹೆಸರಿನ ಹತ್ತಿರ ಕೆಮ್ಮು ಎಂಬ ಪದ ಬಿದ್ದಿದ್ದರೂ ಸಂಬಂಧ ಮುರಿಯಿತು. ನಮ್ಮ ಆಸ್ಪತ್ರೆಯಲ್ಲೂ ಹೆಸರನ್ನು ಬಾಗಿಲಲ್ಲಿ ಹೇಳುತ್ತಾರೆ, ಕಾಯಿಲೆಯನ್ನು ಒಳಗಿನ ಕೋಣೆಯಲ್ಲಿ ಹೇಳುತ್ತಾರೆ, ನಡುವೆ ಉದ್ದದ ವರಾಂಡ. ಬರೆದು ಕೊಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಕೊಡಬಹುದು. ಆದರೆ ಬಾಯಿ ಅಲ್ಲಾಡಿಸದೆ ಚೀಟಿ ಓದಿದವರನ್ನು ನಮ್ಮೂರಿನಲ್ಲಿ ನಾನಿನ್ನೂ ಕಂಡಿಲ್ಲ.

ಆ ದಿನ ಬೆಳಗ್ಗೆ ಕಿಟಕಿ ತೆಗೆಯುತ್ತಿದ್ದ ಹಾಗೆ ತರಕಾರಿ ಅಂಗಡಿಯ ಕೊಟ್ರೇಶಿ ಬಂದು ನಿಂತಿದ್ದ. ಮಗಳಿಗೆ ಗಂಡು ಗೊತ್ತಾಗಿದೆಯಂತೆ, ಆ ಹುಡುಗನ ಹೆಸರಿನ ಹತ್ತಿರ ‘ಇಸ್ಪೀಟು’ ಬಿದ್ದಿದೆಯೇ ನೋಡಬೇಕಂತೆ. ನಾನಿನ್ನೂ ಕನ್ನಡಕ ಒರೆಸುತ್ತಿದ್ದೆ, ಅವನ ಹಿಂದಿನಿಂದ ದಾಕ್ಷಾಯಣಿ ನುಗ್ಗಿ ಬಂದಳು. ಹೊಲಿಗೆ ತರಗತಿ ನಡೆಸುವವಳು, ಸೈಕಲ್ ಶಾಪಿನ ಹಾಲೇಶನ ಹೆಂಡತಿ. ಅಳತೆಯ ಟೇಪು ಕೊರಳಲ್ಲೇ ಇತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

‘ಅಂಬಕ್ಕ, ನಮ್ಮನೆಯವ್ರು ಎಚ್ಚರ ತಪ್ಪಿದಾರೆ. ಯಾವಾಗಲೋ ಅವ್ರು ಹೇಳಿದ ಒಂದು ಮಾತು ಬೇಕು ನನಗೆ. ಈಗಲೇ ಬೇಕು.’

‘ಸರದಿ ಇದೆಯಮ್ಮ, ನನ್ನ ಮಗಳ ಮದುವೆ ವಿಷಯ’ ಎಂದ ಕೊಟ್ರೇಶಿ.

‘ಮದುವೆ ಆಷಾಢ ಕಳೆದ ಮೇಲೆ ತಾನೆ? ಗಂಡು ಅಷ್ಟರಲ್ಲಿ ಓಡಿಹೋಗಲ್ಲ, ಕೂತ್ಕೋ’ ಎಂದು ಗದರಿದೆ. ಅವನು ಬೆಂಚಿನ ಮೇಲೆ ಕೂತ. ದಾಕ್ಷಾಯಣಿ ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು.

ಹಾಲೇಶನ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿತ್ತು. ಗಂಡಸರ ಹಣೆಬರಹ, ಅರಿಸಿನ ಮೆತ್ತಿಕೊಂಡು ಸುಮ್ಮನಾಗಿದ್ದ. ಕಾಲು ಮೊಣಕಾಲಿನವರೆಗೆ ಊದಿ, ಮೈ ಕೆಂಡವಾದ ಮೇಲೆ ಇವಳು ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಡಾಕ್ಟರ್ ಇಕ್ಬಾಲ್ ನಮ್ಮೂರಿಗೆ ಹೊಸಬರು. ಅವರು ಸೂಜಿ ಹಿಡಿದು ಹತ್ತಿರ ಬಂದಾಗ ಹಾಲೇಶ ಕಣ್ಣು ಬಿಟ್ಟು, ‘ಒಂದು ಔಷಧಿ ನನಗೆ ಆಗಲ್ಲ. ದಾಕ್ಷಾಗೆ ಹೇಳಿದೀನಿ, ಕೇಳಿ’ ಎಂದನಂತೆ. ಅಷ್ಟೇ. ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಡಾಕ್ಟರು ಇವಳ ಕಡೆ ತಿರುಗಿದರು. ಇವಳಿಗೆ ಏನೂ ಗೊತ್ತಿಲ್ಲ. ಡಾಕ್ಟರ ಹತ್ತಿರ ಇದ್ದದ್ದು ಎರಡು ಔಷಧ. ಆಗದೇ ಇರುವುದನ್ನೇ ಹಾಕಿಬಿಟ್ಟರೆ ಉಸಿರು ಕಟ್ಟಬಹುದು, ಯಾವುದನ್ನೂ ಹಾಕದೆ ಕೂತರೆ ನಂಜು ಮೈಗೇರುತ್ತದೆ. ‘ಮಧ್ಯಾಹ್ನದವರೆಗೆ ಹೇಗೋ ತಡೀತೀನಿ ತಾಯಿ, ಆಮೇಲೆ ದೇವರ ಮೇಲೆ ಭಾರ ಹಾಕಿ ಯಾವುದಾದ್ರೂ ಒಂದು ಹಾಕಲೇಬೇಕು’ ಅಂದಿದ್ದರಂತೆ.

‘ನನಗೆ ಹೇಳಿದೀನಿ ಅಂದ್ರಲ್ಲ ಅಂಬಕ್ಕ! ಹೇಳೇ ಇಲ್ಲ. ಇಂಥ ಮಾತು ಹೇಳಿದ್ರೆ ಮರೀತೀನಾ ನಾನು? ಅವ್ರಿಗೆ ಏನಾದ್ರೂ ಆದ್ರೆ ನಾನೇ ಕೊಂದ ಹಾಗೆ’ ಎಂದು ಕಿಟಕಿಯ ಸರಳು ಹಿಡಿದುಕೊಂಡು ಅತ್ತಳು. ಹಾಲೇಶನ ಅಪ್ಪ ಅಮ್ಮ ಯಾರೂ ಉಳಿದಿಲ್ಲ, ಒಡಹುಟ್ಟಿದವರಿಲ್ಲ. ಕೇಳಲು ಬೇರೆ ಬಾಯಿಯೇ ಇರಲಿಲ್ಲ.

ಅವರ ಬೀದಿಯ ಫೈಲುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ‘ಔಷಧಿ’, ‘ಆಗಲ್ಲ’ ಎಂದು ಕೊಟ್ಟೆ. ಬಂದದ್ದೆಲ್ಲ ಮಕ್ಕಳ ರಂಪ. ಕಹಿ ಔಷಧಿ ಕುಡಿಯೋಕೆ ಆಗಲ್ಲ, ಆಗಲ್ಲ, ಆಗಲ್ಲ. ‘ಸೂಜಿ’, ‘ಆಗಲ್ಲ’ ಎಂದು ಕೊಟ್ಟೆ. ಈ ದಾರ ಈ ಸೂಜಿಗೆ ಆಗಲ್ಲ ಎಂದು ದಾಕ್ಷಾಯಣಿಯೇ ಹೊಲಿಗೆ ಹುಡುಗಿಯರಿಗೆ ಹೇಳಿದ ಸಾಲುಗಳು ಪರದೆ ತುಂಬಾ ಬಂದವು. ಅದನ್ನು ನೋಡಿ ಅವಳ ಅಳು ಇನ್ನೂ ಜೋರಾಯಿತು. ಡಾಕ್ಟರು ಬರೆದುಕೊಟ್ಟಿದ್ದ ಎರಡು ಔಷಧದ ಹೆಸರನ್ನೂ ಹಾಲೇಶನ ಹೆಸರಿನ ಜೊತೆ ಕೊಟ್ಟು ನೋಡಿದೆ. ಗಿರಪ್ಪ ಬಾಯಿ ಬಿಡಲಿಲ್ಲ.

ಪಂಚಾಯ್ತಿಯವರು ಬಂದು ಕೇಳಲಿ, ಆಗ ಉತ್ತರ ಕೊಟ್ಟರಾಯಿತು ಎಂದು ಐದು ಸಾಲು ಇದ್ದಲ್ಲಿ ಐವತ್ತು ಮಾಡಿದೆ. ಪರದೆ ಓಡಿತು, ಓಡಿತು, ನಿಲ್ಲಲೇ ಇಲ್ಲ. ಐವತ್ತು ಸಾಲಿನ ಅಂತರದಲ್ಲಿ ಈ ಊರಿನಲ್ಲಿ ಯಾವ ಪದದ ಹತ್ತಿರ ಯಾವ ಪದ ಬೀಳುವುದಿಲ್ಲ ಹೇಳಿ. ದೇವರ ಹತ್ತಿರ ಚಪ್ಪಲಿಯೂ ಬೀಳುತ್ತದೆ. ಅಷ್ಟನ್ನೂ ಓದಿ ಮುಗಿಸಲು ವಾರ ಬೇಕು. ಬಿಸಿಲು ಆಗಲೇ ಕಿಟಕಿಯ ಕೆಳಗಿನ ಮೆಟ್ಟಿಲಿಗೆ ಬಂದಿತ್ತು. ಬೇರೆ ದಿನ ಜನ ಬರುವುದು ಚಾಡಿಗೆ, ಅನುಮಾನಕ್ಕೆ. ಸಿಗದಿದ್ದರೆ ಒಳ್ಳೆಯದೇ ಆಯಿತು ಎಂದು ಕಳಿಸುತ್ತಿದ್ದೆ. ಈ ಸಲ ಸಿಗದಿದ್ದರೆ ಒಂದು ಜೀವ ಹೋಗುತ್ತದೆ ಎಂದು ನಿಜಕ್ಕೂ ಹೆದರಿದೆ.

‘ಅಳೋದು ನಿಲ್ಲಿಸಿ ಯೋಚನೆ ಮಾಡು’ ಎಂದೆ. ‘ನಮ್ಮೂರ ಗಂಡಸರು ಇಂಥದ್ದನ್ನ ಜೀವಮಾನದಲ್ಲಿ ಒಂದೇ ಸಲ ಹೇಳೋದು, ಅದೂ ಮದುವೆಗೆ ಮುಂಚೆ. ಮದುವೆಗೆ ಮುಂಚೆ ನೀವಿಬ್ಬರೇ ಕೂತು ಮಾತಾಡಿದ್ರಾ?’

‘ಒಂದ್ಸಲ. ಸಂತೆಬೀದಿ ಸೋಡಾ ಅಂಗಡಿ ಬೆಂಚಿನ ಮೇಲೆ.’

‘ಅಲ್ಲಿ ಏನಂದ?’

ಅಂಥ ಸಂಕಟದಲ್ಲೂ ಅವಳ ಮುಖಕ್ಕೆ ಸ್ವಲ್ಪ ನಾಚಿಕೆ ಬಂತು. ‘ಏನಿಲ್ಲ ಅಂಬಕ್ಕ. ಬದನೆಕಾಯಿ ವಿಷಯ.’

‘ಏನು?’

‘ಬದನೆಕಾಯಿ. ಉದ್ದ ಬದನೆ, ಗುಂಡು ಬದನೆ, ಮುಳ್ಳು ಬದನೆ, ಎಣ್ಣೆಗಾಯಿ, ಬಜ್ಜಿ... ನಿಲ್ಲಿಸಲೇ ಇಲ್ಲ. ಮದುವೆ ಮಾತಿಗೆ ಕರೆದು ಬದನೆಕಾಯಿ ಪುರಾಣ ಹೇಳ್ತಾರಲ್ಲ ಅಂತ ಒಳಗೊಳಗೇ ನಕ್ಕೆ. ಇಷ್ಟು ಆಸೆ ಇದ್ರೆ ಮಾಡಿ ಹಾಕಿದ್ರಾಯ್ತು ಅಂದ್ಕೊಂಡೆ. ಅವತ್ತಿಂದ ನಮ್ಮನೇಲಿ ವಾರವೆಲ್ಲ ಬದನೆಕಾಯಿನೇ. ಅವ್ರೂ ಒಂದು ದಿನ ಬೇಡ ಅಂದಿಲ್ಲ.’

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ‘ಅಯ್ಯೋ ಪುಣ್ಯಾತ್ಗಿತ್ತಿ! ಅದು ಬದನೆಕಾಯಿ ಅಲ್ಲ ಕಣೇ, ಅವನ ಮನೆ ಹೊದಿಕೆ!’

ದಾಕ್ಷಾಯಣಿ ಹೊರಗಿನಿಂದ ಬಂದವಳು. ಹೊಲಿಗೆ ಕಲಿಸಲು ನಮ್ಮೂರಿಗೆ ಬಂದ ಹೊಸತರಲ್ಲೇ ಈ ಸಂಬಂಧ ಕೂಡಿಬಂದಿತ್ತು. ನಮ್ಮೂರಿನ ಹುಡುಗಿಯಾಗಿದ್ದರೆ ಗಂಡಸು ಎರಡನೆಯ ಬದನೆಕಾಯಿ ಹೆಸರೆತ್ತುವಾಗಲೇ ಕಿವಿ ನಿಮಿರಿಸಿ, ಹಿಂದೆ ಏನಂದ, ಮುಂದೆ ಏನನ್ನುತ್ತಾನೆ ಎಂದು ಕೂಡಿಸಿಕೊಳ್ಳುತ್ತಿದ್ದಳು. ಇವಳಿಗೆ ಆಗ ಅದೆಲ್ಲ ಎಲ್ಲಿ ಗೊತ್ತು? ಆಮೇಲೆ ಊರಿನ ಪದ್ಧತಿ ತಿಳಿದರೂ ಸೋಡಾ ಅಂಗಡಿಯ ಮಾತನ್ನು ತಿರುಗಿ ನೋಡಿರಲಿಲ್ಲ. ಗಂಡನ ನಾಲಿಗೆ ರುಚಿ ಎಂದೇ ನಂಬಿದ್ದಳು. ನಾನಾದರೂ ಎಂಥ ಪೆದ್ದಿ. ಬಚ್ಚಿಟ್ಟ ಮಾತನ್ನೇ ಹುಡುಕುತ್ತಾ ಕೂತಿದ್ದೆ. ಹೊದಿಕೆಯನ್ನು ಹುಡುಕಿದರೆ ಗುಟ್ಟು ಅದರ ಆಚೀಚೆ ಇರಲೇಬೇಕು.

ಅವರ ಮದುವೆಯ ಹಿಂದಿನ ತಿಂಗಳಿನ ಸಂತೆಬೀದಿಯ ಫೈಲುಗಳನ್ನು ತೆಗೆದೆ. ಬದನೆಯ ಹತ್ತಿರ ಬದನೆ ಇರುವುದನ್ನೆಲ್ಲ ತೋರಿಸು ಎಂದೆ. ತೋರಿಸಿದ ನೋಡಿ ಗಿರಪ್ಪ! ತರಕಾರಿಯವರ ಕೂಗೆಲ್ಲ ಮೈಮೇಲೆ ಬಿತ್ತು. ‘ಬದನೆ ಬದನೆ ಬದನೆ, ಬನ್ನಿ ಅಕ್ಕ, ಕಿಲೋ ಅಗ್ಗ, ಕಿಲೋ ಅಗ್ಗ.’ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹಾಲೇಶ ಏನು ಸಾಮಾನ್ಯನೇ? ಬೇಕಂತಲೇ ಅಲ್ಲಿಗೆ ಕರೆದಿದ್ದಾನೆ, ತನ್ನ ಬದನೆಕಾಯಿ ಊರ ಬದನೆಕಾಯಿಯಲ್ಲಿ ಬೆರೆತುಹೋಗಲಿ ಎಂದು.

ಕೊಟ್ರೇಶಿ ಬೆಂಚಿನಿಂದ ಎದ್ದು ಕೋಣೆಯೊಳಗೇ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ‘ಅಂಬಕ್ಕ, ಈ “ಬಂಗಾರದಂಥ ಬದನೆ, ಕಿಲೋ ತಗೊಂಡೋರೇ ಜಾಣರು” ಅಂತಿದೆಯಲ್ಲ, ಇದು ನಮ್ಮಪ್ಪನ ಕೂಗು. ಅವ್ನು ಹಿಂಗೇ ಕೂಗ್ತಿದ್ದ’ ಎಂದ. ಸತ್ತ ಅಪ್ಪನ ಕೂಗನ್ನು ಬಾಯಲ್ಲಿ ಮೆಲ್ಲಗೆ ಹೇಳಿಕೊಂಡ. ನಾನು ಬೈಯಲಿಲ್ಲ.

‘ಕೊಟ್ರೇಶಿ, ಕಿಲೋ ಅನ್ನದೆ ಯಾರಾದ್ರೂ ಬದನೆ ಕೂಗ್ತಾರೇನೋ?’

‘ಕಿಲೋ ಅನ್ನದಿದ್ರೆ ವ್ಯಾಪಾರ ಹೆಂಗಾಗುತ್ತಕ್ಕ? ಒಂದು ಉಸಿರಿಗೆ ಒಂದು ಕಿಲೋ ಬರಲೇಬೇಕು.’

ಗಿರಪ್ಪನಿಗೆ, ಇದಿರುವ ಸಾಲನ್ನು ಬಿಟ್ಟು ಮಿಕ್ಕದ್ದನ್ನು ಕೊಡು ಎಂದು ಹೇಳಲು ಒಂದು ಗುರುತಿದೆ. ಕಿಲೋ ಇರುವ ಸಾಲನ್ನೆಲ್ಲ ಆಚೆ ಹಾಕು, ಉಳಿದದ್ದರಲ್ಲಿ ಬದನೆಯ ಬೆನ್ನಿಗೆ ಬದನೆ ಬಂದಿರುವ ಜಾಗ ತೋರಿಸು ಎಂದೆ. ಚೌಕಾಸಿಗೆ ನಿಂತ ಹೆಂಗಸರು ಬದನೆ ಎಂದು ಒಂದು ಸಲ ಅನ್ನುತ್ತಾರೆ, ಹುಳ ಇದೆ ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ಮಾರದೆ, ಕೊಳ್ಳದೆ, ಸುಮ್ಮನೆ ಬದನೆ ಬದನೆ ಎನ್ನುವವನು ಬಚ್ಚಿಡುವವನೊಬ್ಬನೇ. ಪರದೆ ಒಂದು ಗಳಿಗೆ ಕಪ್ಪಾಗಿಯೇ ಇತ್ತು. ಆಮೇಲೆ ಒಂದೇ ಒಂದು ತುಂಡು ಬಂತು.

ನಾನು ಗಟ್ಟಿಯಾಗಿ ಓದಿದೆ. ಮೊದಲಿಗೆ, ‘ನಿಮಗೊಂದು ವಿಷಯ ಹೇಳ್ಬೇಕು. ಚಿಕ್ಕಂದಿನಲ್ಲಿ ನನ್ನ ತೋಳಿಗೆ ಒಂದ್ಸಲ ಚುಚ್ಚಿದ್ರು’ ಎಂದಿತ್ತು. ಕೆಳಗೆ ಉದ್ದ ಬದನೆ, ಗುಂಡು ಬದನೆ, ಅವುಗಳ ತೊಟ್ಟು, ಅವುಗಳ ಮುಳ್ಳು. ‘ಹೌದಾ?’ ಎಂದೊಂದು ಸಾಲು. ‘ಅದು ನಾನಂದಿದ್ದು’ ಎಂದಳು ದಾಕ್ಷಾಯಣಿ. ಮತ್ತೆ, ‘ಗಂಟಲು ಊದಿ ಮೈ ನೀಲಿಯಾಗಿತ್ತು, ಉಳಿದಿದ್ದೇ ಹೆಚ್ಚು.’ ಅದರ ಕೆಳಗೆ ಎಣ್ಣೆಗಾಯಿ, ಬಜ್ಜಿ, ಬದನೆಕಾಯಿ ಗೊಜ್ಜು, ಸುಟ್ಟ ಬದನೆಕಾಯಿ. ಆಮೇಲೆ, ‘ಸೀಸೆಯಲ್ಲಿ ಬಿಳಿ ಪುಡಿ ಇರುತ್ತಲ್ಲ, ನೀರು ಬೆರೆಸಿ ಅಲ್ಲಾಡಿಸ್ತಾರೆ, ಅದು.’ ಮತ್ತೆ ಬದನೆ. ಕೊನೆಗೆ, ‘ಇದೆಲ್ಲ ಕೇಳಿದ ಮೇಲೂ ನೀವು ಒಪ್ಪಿದ್ರೆ ನನ್ನ ಪುಣ್ಯ.’ ಅದರ ಕೆಳಗೆ ದಾಕ್ಷಾಯಣಿಯ ಸಾಲು: ‘ಇಷ್ಟಕ್ಕೆಲ್ಲ ಯಾರು ಬೇಡ ಅಂತಾರೆ? ನಾನು ನೋಡ್ಕೋತೀನಿ ಬಿಡಿ.’

ಓದು ನಿಲ್ಲಿಸಿ ತಲೆ ಎತ್ತಿದರೆ ಕಿಟಕಿಯಲ್ಲಿ ದಾಕ್ಷಾಯಣಿ ಇಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ, ಅಷ್ಟರಲ್ಲಿ ಅವಳು ರಸ್ತೆಯಲ್ಲಿದ್ದಳು. ನಾನೂ ಬಾಗಿಲು ತೆರೆದಿಟ್ಟೇ ಹಿಂದೆ ಓಡಿದೆ. ನನ್ನ ಮೈಗೆ, ನನ್ನ ಮಂಡಿಗೆ ಅದನ್ನು ಓಟ ಎನ್ನುವುದಾದರೆ. ಕೊಟ್ರೇಶಿ ನಮ್ಮಿಬ್ಬರ ಮುಂದೆ ದಾರಿ ಬಿಡಿಸುತ್ತಿದ್ದ. ದಾಕ್ಷಾಯಣಿ ಓಡುತ್ತಲೇ ಕೂಗುತ್ತಿದ್ದಳು. ಡಾಕ್ಟರು ಎಲ್ಲಿ ಅವಸರ ಮಾಡಿಬಿಡುತ್ತಾರೋ, ಕೂಗಾದರೂ ಮೊದಲು ತಲುಪಲಿ ಎಂದು.

‘ಹಾಲೇಶನಿಗೆ ಪುಡಿ ಔಷಧಿ ಆಗಲ್ಲ! ನಮ್ಮ ಹಾಲೇಶನಿಗೆ ಬಿಳಿ ಪುಡಿ ಸೂಜಿ ಆಗಲ್ಲ!’

ಹೆಸರು ಮತ್ತು ಕಾಯಿಲೆಯನ್ನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಮ್ಮೂರು ಅದುವರೆಗೆ ಕೇಳಿರಲಿಲ್ಲ. ಅದೂ ಹೆಂಡತಿ ಗಂಡನ ಹೆಸರು ಹಿಡಿದು, ನಡುಬೀದಿಯಲ್ಲಿ. ಜಗುಲಿಯಲ್ಲಿದ್ದ ಮುದುಕಿಯೊಬ್ಬಳು ಶಿವಶಿವಾ ಎಂದು ಕಿವಿ ಮುಚ್ಚಿಕೊಂಡಳು. ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲೇ ಎದ್ದು ನಿಂತ. ಆ ದಿನ ಪಂಚಾಯ್ತಿಯಿಂದ ಆಸ್ಪತ್ರೆಯವರೆಗಿನ ಪ್ರತಿ ಬೀದಿಯ ಫೈಲಿನಲ್ಲೂ ಆ ಸಾಲಿದೆ. ಯಾರು ಬೇಕಾದರೂ ಹುಡುಕಬಹುದು, ಎರಡು ಪದದ ನಡುವೆ ಸೂಜಿ ತೂರುವಷ್ಟೂ ಜಾಗವಿಲ್ಲ.

ಡಾಕ್ಟರ್ ಇಕ್ಬಾಲ್ ಬಾಗಿಲಿಗೇ ಬಂದಿದ್ದರು. ‘ಕೇಳಿಸ್ತು ತಾಯಿ, ಮೂರು ಬೀದಿ ಆಚೆಯಿಂದಲೇ ಕೇಳಿಸ್ತು’ ಎಂದರು. ಮೇಜಿನ ಮೇಲೆ ಎರಡು ಸೀಸೆ ಇತ್ತು, ಒಂದರಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ನೀರಿನಂಥ ಔಷಧ. ಪುಡಿಯ ಸೀಸೆಯನ್ನು ಎತ್ತಿ ಬೀರುವಿನೊಳಗಿಟ್ಟು ಬಾಗಿಲು ಹಾಕಿದರು. ‘ಮೊದಲು ಇದನ್ನೇ ಹಾಕೋನಿದ್ದೆ’ ಎಂದು ಮೆಲ್ಲಗೆ ನನಗೊಬ್ಬಳಿಗೆ ಹೇಳಿದರು. ನಾನು ವರಾಂಡದ ನೆಲದ ಮೇಲೆ ಕೂತುಬಿಟ್ಟೆ.

ಮಾರನೆಯ ದಿನ ಸಂಜೆಗೆ ಜ್ವರ ಇಳಿಯಿತು. ಕಾಲಿನ ಊತವೂ ತಗ್ಗುತ್ತಾ ಬಂತು. ನಾನು ಕಿತ್ತಳೆಹಣ್ಣು ಹಿಡಿದುಕೊಂಡು ನೋಡಲು ಹೋದಾಗ ದಾಕ್ಷಾಯಣಿ ಅವನಿಗೆ ಗಂಜಿ ಆರಿಸುತ್ತಿದ್ದಳು. ನಡೆದದ್ದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದಳು. ಹಾಲೇಶ ದಿಂಬಿಗೆ ಒರಗಿ ಅವಳನ್ನೇ ನೋಡುತ್ತಿದ್ದ.

‘ನಿಜವಾಗ್ಲೂ ಗೊತ್ತಿರಲಿಲ್ವಾ ನಿನಗೆ?’

‘ಇಲ್ಲ ಕಣ್ರೀ. ದೇವರಾಣೆ ಇಲ್ಲ.’

‘ಮತ್ತೆ ಅಷ್ಟೊಂದು ಬದನೆಕಾಯಿ?’

‘ನಿಮಗೆ ಇಷ್ಟ ಅಂತ!’

‘ನನಗೆ ಅದರ ವಾಸನೆ ಕಂಡ್ರೇ ಆಗಲ್ಲ ಮಾರಾಯ್ತಿ’ ಎಂದ ಹಾಲೇಶ. ‘ನೀನು ಬಡಿಸಿದಾಗೆಲ್ಲ, ನನಗೆ ನೆನಪಿದೆ, ಹೆದರಬೇಡಿ ಅಂತ ಹೇಳ್ತಿದೀಯ ಅಂದ್ಕೊಂಡಿದ್ದೆ. ಅದಕ್ಕೇ ಬಾಯಿ ಮುಚ್ಕೊಂಡು ತಿಂದೆ. ತಿಂದಾಗೆಲ್ಲ ಧೈರ್ಯ ಬರ್ತಿತ್ತು.’

ನಾನು ನಕ್ಕುಬಿಟ್ಟೆ. ಪಕ್ಕದ ಮಂಚದ ಅಜ್ಜನೂ ಕೆಮ್ಮುತ್ತಾ ನಕ್ಕ. ದಾಕ್ಷಾಯಣಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಹಾಲೇಶ ಮಾತ್ರ ನಗಲಿಲ್ಲ. ಅವನ ಮುಖ ಸಣ್ಣದಾಯಿತು.

‘ಹಾಗಾದ್ರೆ ಅವತ್ತು ನೀನು ಒಪ್ಪಿದ್ದು ಬದನೆಕಾಯಿ ತಿನ್ನೋನನ್ನ. ನನ್ನಲ್ಲ.’

ದಾಕ್ಷಾಯಣಿ ಗಂಜಿಯ ಲೋಟ ಕೆಳಗಿಟ್ಟಳು. ‘ಅವತ್ತು ನೀವು ಸರಿಯಾಗಿ ಕೇಳಿದ್ರೆ ತಾನೆ? ಈಗ ಕೇಳಿ.’

ಅವನು ಸುತ್ತ ನೋಡಿದ. ವಾರ್ಡು ತುಂಬಾ ಜನ, ಮೇಲಾಗಿ ಕಿಟಕಿಯ ಅಂಬಕ್ಕ. ‘ನಿನಗೊಂದು ವಿಷಯ ಹೇಳ್ಬೇಕು’ ಎಂದು ಶುರು ಮಾಡಿ, ಅಭ್ಯಾಸ ಬಿಡುತ್ತದೆಯೇ, ‘ಉದ್ದ ಬದ...’ ಎನ್ನುವಷ್ಟರಲ್ಲಿ ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

‘ಒಂದೇ ಸಾಲಲ್ಲಿ ಕೇಳಿ.’

ಹಾಲೇಶ ಉಸಿರು ತೆಗೆದುಕೊಂಡ. ‘ನಾನು ಹಾಲೇಶ, ಒಂದು ಸೂಜಿ ತಪ್ಪಿ ಬಿದ್ರೆ ಸಾಯೋನು, ನನ್ನ ಮದುವೆ ಆಗ್ತೀಯಾ?’

‘ಹೂಂ ಕಣ್ರೀ’ ಎಂದಳು ದಾಕ್ಷಾಯಣಿ. ‘ಗಂಜಿ ಆರ್ತಾ ಇದೆ, ಕುಡೀರಿ.’